ಮಿಷಿನ್ ಜೊತೆ ಮನೆಯವ್ರನ್ನೂ ಕೂರಿಸ್ಕೊಂಡಿದ್ದು

ನಾನು ಆಡಿಯಾಲಜಿಸ್ಟ್, ಅಂದ್ರೆ ಕಿವಿ ಟೆಸ್ಟ್ ಮಾಡಿ ಹಿಯರಿಂಗ್ ಏಡ್ ಹಾಕೋ ಕೆಲಸ. ಓದಿದ್ದು ಮೈಸೂರು ಮಾನಸಗಂಗೋತ್ರಿಲಿರೋ ವಾಕ್ ಶ್ರವಣ ಸಂಸ್ಥೇಲಿ, ಕ್ಲಿನಿಕ್ ಇಟ್ಟಿರೋದು ದೊಡ್ಡಬಳ್ಳಾಪುರದಲ್ಲಿ. ಊರು ಗೊತ್ತಿರೋರಿಗೆ ಹೇಳೋದೇ ಬೇಡ, ಎಷ್ಟೋ ಬೀದಿಗೆ ಕಾಲಿಟ್ರೆ ಸಾಕು ಮಗ್ಗದ ಸದ್ದು, ಮೂವತ್ತು ವರ್ಷ ಪವರ್‌ಲೂಮ್ ಮಧ್ಯೆ ನಿಂತು ಕಿವಿ ಮಂದ ಆದೋರೇ ನನ್ನ ಹತ್ರ ಬರೋರಲ್ಲಿ ಜಾಸ್ತಿ. ಮೊದಮೊದ್ಲು ನಾನು ಮಾಡ್ತಿದ್ದಿದ್ದು ಇಷ್ಟೇ, ಟೆಸ್ಟು, ಮಿಷಿನ್ನು, ಬ್ಯಾಟರಿ ಹಾಕೋದು ತೋರ್ಸೋದು, ಹೋಗ್ಬನ್ನಿ ಅನ್ನೋದು. ಆರು ತಿಂಗಳು ಬಿಟ್ಟು ವಿಚಾರಿಸಿದ್ರೆ ಮಿಷಿನ್ ಬೀರುವಲ್ಲಿ ಒಡವೆ ಡಬ್ಬಿ ಪಕ್ಕ ಭದ್ರವಾಗಿರೋದು.

ಆಮೇಲೆ ಒಬ್ರು ನೇಕಾರ ಯಜಮಾನ್ರು ಬಂದ್ರು, ಜೊತೆಗೆ ಹೆಂಡ್ತಿ. ಆಯಮ್ಮ ಕೂರೋಕ್ಕೆ ಮೊದ್ಲೇ ಶುರು ಮಾಡಿದ್ರು, "ಇವ್ರಿಗೆ ಬೇಕಾಗಿದ್ದು ಮಾತ್ರ ಕೇಳ್ಸುತ್ತೆ ಮೇಡಂ, ಮಗ್ಗದ ಮನೇಲಿ ಅಷ್ಟು ಗಲಾಟೇಲಿ ಜೊತೆಯೋರ ಹತ್ರ ಗಂಟೆಗಟ್ಲೆ ಮಾತಾಡ್ತಾರೆ, ನಾನು ಅಂಗಡಿಗೆ ಹೋಗ್ಬನ್ನಿ ಅಂದ್ರೆ ಮಾತ್ರ ಕಿವುಡು." ಈ ಕಂಪ್ಲೇಂಟ್ ನಾನು ವಾರಕ್ಕೆ ಎರಡು ಸಲನಾದ್ರೂ ಕೇಳ್ತೀನಿ. ಟೆಸ್ಟಲ್ಲಿ ಬಂದಿದ್ದು ಸದ್ದಿನಿಂದ ಹಾಳಾದ ಕಿವಿಯ ಅದೇ ಗ್ರಾಫ್, ದಪ್ಪ ಸದ್ದುಗಳು ಪರ್ವಾಗಿಲ್ಲ, 2000 ಹರ್ಟ್ಸ್ (ಸದ್ದು ಎಷ್ಟು ಕೀರಲು ಅನ್ನೋದರ ಅಳತೆ) ದಾಟಿದ್ಮೇಲೆ ಇಳಿಜಾರು, 4000ಕ್ಕೆ ಬಂದ್ರೆ ದೊಪ್ ಅಂತ ಬಿದ್ದಿದೆ. ಅಂದ್ರೆ ಆ, ಊ, ಓ ಎಲ್ಲ ಕೇಳ್ಸುತ್ತೆ, ಸ, ಶ, ಚ, ತ ಇಂಥವೆಲ್ಲ ಉದುರಿ ಹೋಗಿರುತ್ತೆ. ಅದಕ್ಕೇ ಇವ್ರೆಲ್ಲ ಹೇಳೋದು, ಮಾತಾಡ್ತಿರೋದು ಗೊತ್ತಾಗುತ್ತೆ, ಏನು ಅಂತ ಗೊತ್ತಾಗಲ್ಲ ಅಂತ. ಮನೆಯವ್ರು ಇದನ್ನ ನಾಟಕ ಅಂದ್ಕೋತಾರೆ.

ನನಗೂ ಕುತೂಹಲ ಆಯ್ತು, ಮತ್ತೆ ಮಗ್ಗದ ಮನೇಲಿ ಹೆಂಗೆ ಮಾತಾಡ್ತೀರಾ ಅಂತ ಕೇಳ್ದೆ. "ಅಲ್ಲಿ ಯಾರಿಗ್ ತಾನೇ ಕೇಳ್ಸುತ್ತೆ ಮೇಡಂ, ಬಾಯಿ ನೋಡ್ಕೋತೀವಿ" ಅಂದ್ರು, ಅದೇನು ದೊಡ್ಡ ವಿಷ್ಯ ಅನ್ನೋ ಥರ. ನಾನು ಸದ್ದೇ ಮಾಡದೆ ಬರೀ ತುಟಿ ಆಡಿಸಿ ಊಟ ಆಯ್ತಾ, ಎಷ್ಟು ಸೀರೆ ಆಯ್ತು ಅಂತೆಲ್ಲ ಕೇಳಿದ್ರೆ ಪಟಪಟ ಉತ್ತರ. ಬಾವ ಬಂದ್ರು ಅಂದಾಗ ಮಾತ್ರ ಮಾವ ಬಂದ್ರು ಅಂದ್ರು, ಅದು ಅವ್ರ ತಪ್ಪಲ್ಲ, ಪ, ಬ, ಮ ಮೂರೂ ತುಟಿ ಮೇಲೆ ಒಂದೇ, ನಿಮಗೂ ಗೊತ್ತಾಗಲ್ಲ, ಕನ್ನಡಿ ಮುಂದೆ ನಿಂತು ನೋಡಿ. ಅದನ್ನೇ ಮೈಸೂರಿನ ಬಾವ ಬಂದ್ರು ಅಂದಿದ್ರೆ ಜೊತೆಗಿರೋ ಮಾತಿನ ಸುಳಿವಲ್ಲೇ ಹಿಡ್ಕೊಂಡಿರೋರು.

ಅಂದ್ರೆ ಮನುಷ್ಯನಿಗೆ ವಿದ್ಯೆ ಆಗ್ಲೇ ಬರುತ್ತೆ, ಮನೇಲಿ ಅದನ್ನ ಬಳಸೋಕ್ಕೆ ಮುಖವೇ ಸಿಗ್ತಿಲ್ಲ. ಆಯಮ್ಮ ಕೂಗೋದು ಅಡುಗೆ ಮನೆಯಿಂದ, ಒಲೆ ಕಡೆ ತಿರುಗಿ, ಕುಕ್ಕರ್ ಕೂಗ್ತಿರುವಾಗ, ಇವ್ರು ಹಾಲಲ್ಲಿ ಟಿವಿ ಮುಂದೆ. ಅವತ್ತು ನಾನು ಮಿಷಿನ್ ಬಗ್ಗೆ ಹತ್ತು ನಿಮಿಷ ಹೇಳಿ ಉಳಿದ ಮುಕ್ಕಾಲು ಗಂಟೆ ಆಯಮ್ಮನಿಗೇ ಪಾಠ ಮಾಡ್ದೆ. ಮೊದ್ಲು ಹೆಸರು ಹಿಡಿದು ಕರೀರಿ ಅಂದೆ, ಗಂಡನ ಹೆಸರು ಹೇಳಲ್ಲ ಅಂದ್ರು, ಸರಿ ಭುಜ ಮುಟ್ಟಿ ಅಂದೆ. ಎದುರಿಗೆ ಬಂದು, ಬೆಳಕು ನಿಮ್ಮ ಮುಖದ ಮೇಲೆ ಬೀಳೋ ಹಾಗೆ ನಿಂತು, ಸ್ವಲ್ಪ ನಿಧಾನಕ್ಕೆ ಹೇಳಿ, ಕಿರುಚಬೇಡಿ, ಕಿರುಚಿದ್ರೆ ಆ, ಓ ಜೋರಾಗುತ್ತೆ ಅಷ್ಟೇ, ಉದುರಿ ಹೋಗಿರೋ ಸ, ಚ ವಾಪಸ್ ಬರಲ್ಲ. ಎರಡನೇ ಸಲನೂ ಗೊತ್ತಾಗ್ಲಿಲ್ಲ ಅಂದ್ರೆ ಅದೇ ಮಾತನ್ನ ಹೇಳ್ಬೇಡಿ, ಬೇರೆ ಮಾತಲ್ಲಿ ಹೇಳಿ. "ಏನಿಲ್ಲ ಬಿಡಿ" ಅನ್ನೋದನ್ನಂತೂ ಬಿಟ್ಟೇಬಿಡಿ, ಇವ್ರನ್ನ ಮೂಲೆಗೆ ತಳ್ಳೋದು ಆ ಮಾತೇ.

ಅವತ್ತಿಂದ ಮನೆಯವ್ರು ಯಾರಾದ್ರೂ ಬರದೆ ಮಿಷಿನ್ ಕೊಡಲ್ಲ ಅಂತ ರೂಲ್ಸ್ ಮಾಡ್ಕೊಂಡೆ. ಗಿರಾಕಿ ಕಳ್ಕೊಂಡಿದ್ದೂ ಇದೆ. ಮಿಷಿನ್ ಹಾಕಿದ ಮೊದಲ ವಾರ ಫ್ಯಾನ್ ಸದ್ದು, ಪೇಪರ್ ಮಡಿಸೋ ಸದ್ದು, ತಟ್ಟೆ ಲೋಟ ಎಲ್ಲ ತಲೆ ಮೇಲೆ ಹೊಡೆದ ಹಾಗಿರುತ್ತೆ, ತಮ್ಮ ದನೀನೇ ಡಬ್ಬದೊಳಗಿಂದ ಬಂದಂಗೆ. ಅದಕ್ಕೆ ಮೊದ್ಲು ಮನೇಲಿ, ಒಬ್ರ ಜೊತೆ ಮಾತಾಡುವಾಗ ಮಾತ್ರ ದಿನಕ್ಕೆ ಎರಡು ಗಂಟೆ ಹಾಕಿಸ್ತೀನಿ, ಆಮೇಲೆ ಏರಿಸೋದು, ಮದುವೆ ಮನೆಗೆ ಕೊನೇಲಿ. ಒಬ್ರು ಅಜ್ಜಿ ಬ್ಯಾಟರಿ ಮೇಲಿನ ಆರೆಂಜ್ ಸ್ಟಿಕ್ಕರ್ ಆರಕ್ಕೂ ಒಂದೇ ಸಲ ಕಿತ್ತಿಟ್ಟಿದ್ರು, ರೆಡಿಯಾಗಿರ್ಲಿ ಅಂತ. ಅದು ಗಾಳಿ ತಾಗಿದ್ರೆ ಶುರುವಾಗೋ ಜಿಂಕ್ ಬ್ಯಾಟರಿ, ಬಳಸ್ಲಿ ಬಿಡ್ಲಿ ಖಾಲಿ ಆಗ್ತಾ ಹೋಗುತ್ತೆ. ಹೇಳಿಕೊಡದೆ ಇದ್ದಿದ್ದು ನಾನು.

ಇನ್ನೊಂದು, ಇದು ನನಗೆ ಇವತ್ತಿಗೂ ಸಿಟ್ಟು ಬರಿಸೋ ವಿಷ್ಯ. ಬೆಳಗ್ಗೆ ಎದ್ದಾಗ ಒಂದು ಕಿವಿ ಪೂರ್ತಿ ಬಂದ್ ಆಗಿದೆ ಅಂತ ಒಬ್ರು ಹೆಂಗಸು ಡಾಕ್ಟರ್ ಹತ್ರ ಹೋಗಿದ್ದಾರೆ, ಗುಗ್ಗೆ ಇರಬೇಕು ಅಂತ ಡ್ರಾಪ್ಸ್ ಕೊಟ್ಟು ಕಳಿಸಿದ್ದಾರೆ, ನನ್ನ ಹತ್ರ ಬರೋ ಹೊತ್ತಿಗೆ ಒಂದೂವರೆ ತಿಂಗಳು. ಹಿಂಗೆ ದಿಢೀರ್ ಅಂತ ಹೋಗೋದು ಎಮರ್ಜೆನ್ಸಿ, ಅದೇ ದಿನ ಇಎನ್‌ಟಿ ಹತ್ರ ಓಡ್ಬೇಕು, ಸ್ಟಿರಾಯ್ಡ್ ಕೆಲಸ ಮಾಡೋ ಸಾಧ್ಯತೆ ಮೊದಲ ಎರಡು ವಾರದಲ್ಲೇ ಜಾಸ್ತಿ. ಎಣ್ಣೆ ಬಿಟ್ಕೊಂಡು ಕಾಯಬೇಡಿ.

ಅಂಗವೈಕಲ್ಯದ ಸರ್ಟಿಫಿಕೇಟ್ ಬಗ್ಗೆನೂ ನೇರವಾಗಿ ಹೇಳಿಬಿಡ್ತೀನಿ, ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪ್ರಕಾರ ಎರಡೂ ಕಿವೀಲಿ ಕಮ್ಮಿ ಅಂದ್ರೂ 60 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ನಷ್ಟ ಇದ್ರೆ ಮಾತ್ರ. ಆ ನೇಕಾರ ಯಜಮಾನ್ರದ್ದು 48, ಸಿಗಲಿಲ್ಲ, ಬೇಜಾರ್ ಮಾಡ್ಕೊಂಡ್ರು.

ಮೂರು ತಿಂಗಳ ಚೆಕಪ್‌ಗೆ ಇಬ್ರೂ ಬಂದ್ರು. ಆಯಮ್ಮ ಅಡುಗೆ ಮನೆ ಪಕ್ಕದ ಸ್ವಿಚ್ ಹಾಕಿ ಆರಿಸಿ ಹಾಲಿನ ಲೈಟ್ ಮಿಣಮಿಣ ಅನ್ನಿಸ್ತಾರಂತೆ, ಇವ್ರು ತಿರುಗಿ ನೋಡ್ತಾರಂತೆ, ಆಮೇಲೆ ಮಾತು. ಇದನ್ನ ನಾನು ಹೇಳ್ಕೊಟ್ಟಿರ್ಲಿಲ್ಲ. ಕರೆಂಟ್ ಹೋದಾಗ ಏನ್ಮಾಡ್ತೀರಮ್ಮ ಅಂದೆ.

"ಮಸಿಬಟ್ಟೆ ಎಸೀತೀನಿ ಮೇಡಂ."