ಖಾಸಗಿ ಪಾಲುದಾರರಿಂದ ಕ್ಯಾಂಪಸ್ ಹಾಸ್ಟೆಲ್: ಕರಾವಳಿಯ ವಿವಿಗಳಿಗೆ ಲೆಕ್ಕ, ಕಾಗದ, ಕರಾರು

ಪಿಪಿಪಿ, ಅಂದರೆ ಸರ್ಕಾರಿ-ಖಾಸಗಿ ಸಹಭಾಗಿತ್ವ, ಎಂದಕೂಡಲೇ ಅನೇಕರು ಖಾಸಗಿಯವರು ದುಡ್ಡು ತಂದು ಸುರಿಯುತ್ತಾರೆ ಅಂದುಕೊಳ್ಳುತ್ತಾರೆ. ಅವರು ತರುವುದು ಸಾಲ. ಅದನ್ನು ಕೊನೆಗೆ ತೀರಿಸುವವರು ವಿದ್ಯಾರ್ಥಿಗಳು, ಇಲ್ಲವೇ ವಿವಿ, ಇಲ್ಲವೇ ಸರ್ಕಾರ. ಈ ಮೂವರಲ್ಲಿ ಯಾರು, ಎಷ್ಟು, ಎಷ್ಟು ವರ್ಷ ಎಂಬುದು ಬರವಣಿಗೆಗೆ ಬರುವ ಮೊದಲು ಟೆಂಡರ್ ಕರೆಯಬೇಡಿ.

ಹಾಗಾಗಿ ಮೊದಲು ಯಾವ ಕಟ್ಟಡ ಎಂದು ಆರಿಸಿಕೊಳ್ಳಿ. ತರಗತಿ, ಪ್ರಯೋಗಾಲಯ, ಗ್ರಂಥಾಲಯಗಳಿಗೆ ಆದಾಯವಿಲ್ಲ. ಅವುಗಳನ್ನು ಪಿಪಿಪಿಗೆ ಕೊಟ್ಟರೆ ವಿವಿಯೇ ವರ್ಷವರ್ಷ ಕಂತು ಕಟ್ಟಬೇಕು. ಅವಕ್ಕೆ ಅನುದಾನ ಅಥವಾ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ) ಹಣವೇ ಸರಿ. ಕಂಪನಿ ಕಾಯ್ದೆಯ ಪ್ರಕಾರ ಸಿಎಸ್‌ಆರ್ ಹಣದಿಂದ ಕಟ್ಟಿದ ಆಸ್ತಿ ಸಾರ್ವಜನಿಕ ಪ್ರಾಧಿಕಾರದ ಹೆಸರಿನಲ್ಲಿ ಇರಬಹುದು, ಸರ್ಕಾರಿ ವಿವಿಗೆ ಅದು ಅನುಕೂಲ. ಸುರತ್ಕಲ್‌ನ ಎನ್‌ಐಟಿಕೆಯಂಥ ಕೇಂದ್ರ ಸಂಸ್ಥೆಗೆ ಹೆಫಾ (ಉನ್ನತ ಶಿಕ್ಷಣ ಹಣಕಾಸು ಸಂಸ್ಥೆ) ಸಾಲದ ದಾರಿಯೂ ಇದೆ. ಕೆನರಾ ಬ್ಯಾಂಕ್ ಮತ್ತು ಕೇಂದ್ರ ಸರ್ಕಾರ ಸೇರಿ 2017ರಲ್ಲಿ ಕಟ್ಟಿದ ಸಂಸ್ಥೆ ಅದು. ಚಾವಣಿಯ ಸೋಲಾರ್‌ಗೆ ಬೇರೆಯೇ ಒಪ್ಪಂದ ಸಾಕು: ಕಂಪನಿ ಫಲಕ ಹಾಕುತ್ತದೆ, ನೀವು ಯೂನಿಟ್ ಲೆಕ್ಕದಲ್ಲಿ ಕೊಡುತ್ತೀರಿ. ಪಿಪಿಪಿಗೆ ನಿಜವಾಗಿ ಹೊಂದುವುದು ಹಾಸ್ಟೆಲ್, ಅತಿಥಿಗೃಹ, ಊಟದ ಮನೆ. ಇಲ್ಲಿ ಹಾಸ್ಟೆಲನ್ನೇ ತೆಗೆದುಕೊಳ್ಳೋಣ.

ಜಮೀನಿನ ಕಾಗದ ಮತ್ತು ಮಣ್ಣು

ಕರಾವಳಿಯಲ್ಲಿ ಯೋಜನೆಗಳು ಹೆಚ್ಚು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಪಹಣಿಯಲ್ಲಿ ವಿವಿಯ ಹೆಸರಿದ್ದರೆ ಸಾಲದು. ಪೋಡಿ (ಅಳತೆ ಮಾಡಿ ಹಿಸ್ಸೆ ಬೇರೆ ಮಾಡುವುದು) ಆಗಿದೆಯೇ, ನಕ್ಷೆಯೂ ಸ್ಥಳದ ಗಡಿಕಲ್ಲೂ ತಾಳೆಯಾಗುತ್ತವೆಯೇ ನೋಡಿ. ಪಕ್ಕದಲ್ಲಿ ವರ್ಗ ಜಮೀನು (ಖಾಸಗಿ ಪಟ್ಟಾ ಕೃಷಿಭೂಮಿ) ಇದ್ದರೆ ಅದರಿಂದ 100 ಗಜದೊಳಗಿನ ಸರ್ಕಾರಿ ಜಾಗದ ಮೇಲೆ ಕುಮ್ಕಿ ಸವಲತ್ತು (ಸೊಪ್ಪು, ಸೌದೆ, ಮೇವಿಗೆ ಬಳಸುವ ಹಕ್ಕು) ಕೇಳುವವರು ಇರಬಹುದು. ಬೆಂಗಳೂರಿನ ಸಲಹೆಗಾರರ ಪಟ್ಟಿಯಲ್ಲಿ ಈ ಸಾಲು ಇರುವುದೇ ಇಲ್ಲ, ನೀವೇ ಸೇರಿಸಿ. ಗುಡ್ಡದ ಜಾಗ ಡೀಮ್ಡ್ ಫಾರೆಸ್ಟ್ (ಅಧಿಸೂಚನೆ ಆಗದಿದ್ದರೂ ಅರಣ್ಯವೆಂದು ಪರಿಗಣಿಸಿದ ಜಾಗ) ಪಟ್ಟಿಯಲ್ಲಿದೆಯೇ ಎಂದು ಅರಣ್ಯ ಇಲಾಖೆಯಿಂದ ಲಿಖಿತವಾಗಿ ತೆಗೆದುಕೊಳ್ಳಿ. ಬಾಯಿಮಾತಿನ ಭರವಸೆಯನ್ನು ಬ್ಯಾಂಕಿನ ವಕೀಲರು ಒಪ್ಪುವುದಿಲ್ಲ. ಒಟ್ಟು ಕಟ್ಟಡ ವಿಸ್ತೀರ್ಣ 20,000 ಚದರ ಮೀಟರ್ ಹತ್ತಿರ ಹೋಗುತ್ತದೆ ಅನಿಸಿದರೆ ಪರಿಸರ ಅನುಮತಿಯ ಪ್ರಶ್ನೆಯನ್ನೂ ಈ ಹಂತದಲ್ಲೇ ಇತ್ಯರ್ಥ ಮಾಡಿಕೊಳ್ಳಿ.

ಇನ್ನು ಮಣ್ಣು. ಮೇಲೆ ಗಟ್ಟಿ ಮುರಕಲ್ಲು ಕಂಡು ಮೋಸಹೋಗಬೇಡಿ, ಅದರಡಿ ಶೇಡಿ ಮಣ್ಣಿರುತ್ತದೆ. ಒಣಗಿದಾಗ ಗೋಡೆಯಂತೆ ನಿಲ್ಲುವ ಅದು ನೀರು ಕುಡಿದರೆ ಕುಸಿಯುತ್ತದೆ. ಗುಡ್ಡವನ್ನು ನೇರಕ್ಕೆ ಕಡಿದು ಸಮತಟ್ಟು ಮಾಡಿದ ಕಡೆಯೆಲ್ಲ ಮಳೆಗಾಲದಲ್ಲಿ ಜರಿಯುವುದು ಇದರಿಂದಲೇ. ಸುಮಾರು ಒಂದು ಎಕರೆ ಜಾಗಕ್ಕೆ ನಾಲ್ಕು ಮೂಲೆಗೆ ಒಂದೊಂದು, ನಡುವೆ ಒಂದು, ಹೀಗೆ ಮಣ್ಣಿನ ಪರೀಕ್ಷೆಗೆ ಐದು ಬೋರ್‌ಹೋಲ್ ಹಾಕಿಸಿ. ಬರೆ (ಗುಡ್ಡದ ಕಡಿದಾದ ಅಂಚು) ಕಡಿಯುವುದಿದ್ದರೆ ಆ ಅಂಚಿನಲ್ಲಿ ಹೆಚ್ಚುವರಿ ಬೇಕು. ವರದಿಯನ್ನು ಎಲ್ಲ ಬಿಡ್ಡರ್‌ಗಳಿಗೂ ಕೊಡಿ. ಖರ್ಚು ಉಳಿಸಲು ಇದನ್ನು ಬಿಟ್ಟರೆ ಬಿಡ್ಡರ್ ಅಪಾಯದ ಬೆಲೆ ಸೇರಿಸಿಯೇ ದರ ಬರೆಯುತ್ತಾನೆ, ಇಲ್ಲವೇ ತಡೆಗೋಡೆಯ ಹೆಚ್ಚುವರಿ ಬಿಲ್ ಹಿಡಿದುಕೊಂಡು ಮುಂದಿನ ವರ್ಷ ಬರುತ್ತಾನೆ.

ಲೆಕ್ಕ

ಒಂದು ಮಾದರಿ ನೋಡಿ. ಅಂಕಿಗಳು ಲೆಕ್ಕದ ದಾರಿ ತೋರಿಸಲಿಕ್ಕಷ್ಟೇ, ನಿಮ್ಮ ಅಂಕಿ ನೀವು ಹಾಕಿ.

400 ಹಾಸಿಗೆ. ಓಡಾಟದ ಜಾಗ, ಊಟದ ಮನೆ ಸೇರಿ ತಲಾ 15 ಚದರ ಮೀಟರ್ ಅಂದರೆ 6,000 ಚದರ ಮೀಟರ್. ಚದರ ಮೀಟರಿಗೆ 30,000 ರೂಪಾಯಿ ಹಿಡಿದರೆ 18 ಕೋಟಿ. ತಿಂಗಳ ಬಾಡಿಗೆ 4,000 ರೂಪಾಯಿ, ಶೇ. 90 ಭರ್ತಿ, ವರ್ಷಕ್ಕೆ 10 ತಿಂಗಳು: 360 × 4,000 × 10 = 1.44 ಕೋಟಿ. 12 ತಿಂಗಳ ಲೆಕ್ಕ ಹಾಕುವುದು ಸಾಮಾನ್ಯ ತಪ್ಪು, ರಜೆಯಲ್ಲಿ ಮಕ್ಕಳು ಊರಿಗೆ ಹೋಗುತ್ತಾರೆ. ನಿರ್ವಹಣೆಗೆ 54 ಲಕ್ಷ ಕಳೆದರೆ ಉಳಿಯುವುದು 90 ಲಕ್ಷ.

18 ಕೋಟಿಯ ಶೇ. 70, ಅಂದರೆ 12.6 ಕೋಟಿ ಸಾಲ, ಶೇ. 10 ಬಡ್ಡಿ, 15 ವರ್ಷ: ವರ್ಷದ ಕಂತು ಸುಮಾರು 1.66 ಕೋಟಿ. 90 ಲಕ್ಷದಲ್ಲಿ ಇದು ಏಳುವುದಿಲ್ಲ. ಬ್ಯಾಂಕು ಕಂತಿನ 1.2 ಪಟ್ಟು ಆದಾಯ ಕೇಳಿದರೆ ನೀವು ತಾಳಬಲ್ಲ ಕಂತು 75 ಲಕ್ಷ, ಅದಕ್ಕೆ ಸಿಗುವ ಸಾಲ 5.7 ಕೋಟಿ. ಪಾಲುದಾರರ ಸ್ವಂತ ಬಂಡವಾಳ 3.3 ಕೋಟಿ ಎಂದುಕೊಂಡರೂ 9 ಕೋಟಿ ಕೊರತೆ, ಯೋಜನೆಯ ಅರ್ಧ. ಆ 3.3 ಕೋಟಿಗೂ ಮೊದಲ ವರ್ಷ ಸಿಗುವುದು 15 ಲಕ್ಷ ಮಾತ್ರ. ಬಾಡಿಗೆ ವರ್ಷವರ್ಷ ಏರದಿದ್ದರೆ ಒಳ್ಳೆಯ ಪಾಲುದಾರ ಬರುವುದಿಲ್ಲ. ಏರಿಕೆಯ ಸೂತ್ರ ಟೆಂಡರ್‌ನಲ್ಲೇ ಇರಲಿ, ಮಿತಿಯೂ ಇರಲಿ.

ಈ ಕೊರತೆಗೆ ಇರುವುದೇ ಕೇಂದ್ರದ ವಯಬಿಲಿಟಿ ಗ್ಯಾಪ್ ಫಂಡಿಂಗ್. 2020ರ ಪರಿಷ್ಕರಣೆಯ ನಂತರ ಶಿಕ್ಷಣವೂ ಸೇರಿದ ಸಾಮಾಜಿಕ ವಲಯಕ್ಕೆ ಯೋಜನಾ ವೆಚ್ಚದಲ್ಲಿ ಕೇಂದ್ರದಿಂದ ಶೇ. 30ರವರೆಗೆ, ರಾಜ್ಯದಿಂದ ಇನ್ನೂ ಶೇ. 30ರವರೆಗೆ ಸಿಗಬಹುದು. ಷರತ್ತು: ನಿರ್ವಹಣಾ ವೆಚ್ಚ ಪೂರ್ತಿ ಬಳಕೆದಾರರ ಶುಲ್ಕದಿಂದಲೇ ಹುಟ್ಟಬೇಕು. ಶಿಕ್ಷಣ, ಆರೋಗ್ಯದ ಪ್ರಾಯೋಗಿಕ ಯೋಜನೆಗೆ ಅದರ ಅರ್ಧ ಹುಟ್ಟಿದರೂ ಸಾಕು. ಅಲ್ಲಿ ಎರಡೂ ಸರ್ಕಾರ ಸೇರಿ ಬಂಡವಾಳದ ಶೇ. 80, ಮೊದಲ ಐದು ವರ್ಷದ ನಿರ್ವಹಣೆಯ ಶೇ. 50ರವರೆಗೆ ಕೊಡಬಹುದು. ಕಡಿಮೆ ನೆರವು ಕೇಳಿದವರಿಗೆ ಟೆಂಡರ್. ಪಾಲುದಾರ ಸ್ವಂತ ಬಂಡವಾಳ ಖರ್ಚು ಮಾಡಿದ ಮೇಲೆಯೇ ನೆರವಿನ ಹಣ ಇಳಿಯುತ್ತದೆ, ಇದನ್ನು ಹಣದ ಹರಿವಿನ ಪಟ್ಟಿಯಲ್ಲಿ ಮರೆಯಬೇಡಿ. ಸಲಹೆಗಾರರ ಖರ್ಚಿಗೆ ಕೇಂದ್ರದ ಯೋಜನಾ ಸಿದ್ಧತಾ ನಿಧಿಯಾದ ಐಐಪಿಡಿಎಫ್‌ನಿಂದ ಒಂದು ಯೋಜನೆಗೆ 5 ಕೋಟಿವರೆಗೆ ಕೇಳಬಹುದು.

ತೆರಿಗೆಯೂ ಲೆಕ್ಕ ಕೆಡಿಸುತ್ತದೆ. ಕಾಮಗಾರಿ ಗುತ್ತಿಗೆಗೆ ಶೇ. 18 ಜಿಎಸ್‌ಟಿ. ಆದರೆ ತಿಂಗಳಿಗೆ 20,000 ರೂಪಾಯಿವರೆಗಿನ, ಕನಿಷ್ಠ 90 ದಿನದ ವಾಸಕ್ಕೆ 2024ರಿಂದ ವಿನಾಯಿತಿ ಇರುವುದರಿಂದ ಕಟ್ಟುವಾಗ ತೆತ್ತ ತೆರಿಗೆ ಹಿಂದೆ ಬರುವುದಿಲ್ಲ. ಚದರ ಮೀಟರಿನ ದರ ತೆರಿಗೆ ಸೇರಿಸಿಯೇ ಹಿಡಿಯಿರಿ.

ಬೇಡಿಕೆಯನ್ನು ಉತ್ಸಾಹದಿಂದ ಅಳೆಯಬೇಡಿ. ದೇರಳಕಟ್ಟೆ, ಮಣಿಪಾಲದಂಥ ಕಡೆ ಪಿಜಿಗಳು ತುಂಬಿವೆ. ಗೇಟಿನಿಂದ ಎರಡು ಮೂರು ಕಿಲೋಮೀಟರ್ ಒಳಗಿನ ಬಾಡಿಗೆ, ಊಟದ ದರ, ಬಸ್ಸಿನ ಕೊನೆಯ ಸಮಯ ಬರೆದುಕೊಳ್ಳಿ. ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆಯ) ಹಾಸ್ಟೆಲ್‌ಗೆ ಹೋಗುವ ಮಕ್ಕಳನ್ನು ನಿಮ್ಮ ಗಿರಾಕಿಗಳೆಂದು ಎಣಿಸಬೇಡಿ. ಬಡ ಮಕ್ಕಳಿಗೆ ಮೀಸಲು ಹಾಸಿಗೆ ಬೇಕೇ ಬೇಕು, ಆದರೆ ಅದರ ವ್ಯತ್ಯಾಸ ಯಾರು ತುಂಬುತ್ತಾರೆ ಎಂದು ಮೊದಲೇ ನಮೂದಿಸಿ. ಬರೆಯದಿದ್ದರೆ ಮೊದಲು ಕಳೆದುಹೋಗುವುದು ಆ ಹಾಸಿಗೆಗಳೇ.

ಅನುಮೋದನೆ, ಟೆಂಡರ್

ಕ್ರಮ ಇಷ್ಟು: ಹಣಕಾಸು ಸಮಿತಿ, ಸಿಂಡಿಕೇಟ್, ಉನ್ನತ ಶಿಕ್ಷಣ ಇಲಾಖೆ, ಪಿಪಿಪಿ ಆದ್ದರಿಂದ ಮೂಲಸೌಕರ್ಯ ಅಭಿವೃದ್ಧಿ ಇಲಾಖೆ, ಆಮೇಲೆ 1999ರ ಪಾರದರ್ಶಕತೆ ಕಾಯ್ದೆಯಡಿ ಟೆಂಡರ್. ಪರಿಚಯದ ದಾನಿ ಬಂದಿದ್ದಾರೆ ಎಂದು ಟೆಂಡರ್ ಬಿಟ್ಟು ನೇರ ಒಪ್ಪಂದಕ್ಕೆ ಹೋದರೆ ಆಡಿಟ್ ಆಕ್ಷೇಪ ಖಂಡಿತ. ದಾನವಾದರೆ ದಾನಪತ್ರ ಮಾಡಿಸಿ, ಆದಾಯದ ಹಕ್ಕು ಕೊಡಬೇಡಿ.

ಕರಾರಿನಲ್ಲಿ ಬಿಡಬಾರದ್ದು

ಜಮೀನು ವಿವಿಯದ್ದೇ. ಪಾಲುದಾರನಿಗೆ ಬಳಕೆಯ ಪರವಾನಗಿ ಮಾತ್ರ, ಅಡವಿಡುವ ಹಕ್ಕಿಲ್ಲ. ಮಂಗಳೂರಿಗೆ ಈ ಬಗೆಯ ಹಂಚಿಕೆ ಹೊಸದೇನಲ್ಲ: 1950ರ ದಶಕದಿಂದ ಖಾಸಗಿ ವೈದ್ಯಕೀಯ ಕಾಲೇಜಾದ ಕೆಎಂಸಿಯ ವಿದ್ಯಾರ್ಥಿಗಳು ಕಲಿತದ್ದು ವೆನ್ಲಾಕ್ ಆಸ್ಪತ್ರೆಯಲ್ಲಿ, ಆಸ್ಪತ್ರೆ ಸರ್ಕಾರದ್ದಾಗಿಯೇ ಉಳಿದಿದೆ. ಪಾಲುದಾರ ಕೈಚೆಲ್ಲಿದರೆ ಬ್ಯಾಂಕು ಇನ್ನೊಬ್ಬ ನಿರ್ವಾಹಕನನ್ನು ತರಬಹುದು ಎಂಬ ತ್ರಿಪಕ್ಷೀಯ ಒಪ್ಪಂದ ಬೇಕು. ಇಲ್ಲದಿದ್ದರೆ ಅರ್ಧ ಕಟ್ಟಿದ ಕಂಬಗಳಷ್ಟೇ ನಿಮ್ಮ ಪಾಲು.

ಎಲ್ಲ ಬಾಡಿಗೆಯೂ ಎಸ್ಕ್ರೋ ಖಾತೆಗೆ (ಕರಾರಿನ ಸರದಿಯಂತೆ ಮಾತ್ರ ಬ್ಯಾಂಕು ಹಣ ಬಿಡುವ ಖಾತೆ). ಹಣ ಹೊರಹೋಗುವ ಸರದಿ: ತೆರಿಗೆ, ನಿರ್ವಹಣೆ, ಸಾಲದ ಕಂತು, ದುರಸ್ತಿ ನಿಧಿ, ಕೊನೆಗೆ ಲಾಭ. ದುರಸ್ತಿ ನಿಧಿ ಲಾಭದ ಹಿಂದೆ ಬಿದ್ದರೆ ಹತ್ತನೇ ವರ್ಷಕ್ಕೆ ಕಟ್ಟಡ ಹಾಳಾಗುತ್ತದೆ.

ವಿವಿ ಭರ್ತಿಯ ಭರವಸೆ ಕೊಡುವುದಾದರೆ ಶೇ. 75-80ಕ್ಕೆ ನಿಲ್ಲಿಸಿ, ವರ್ಷಕ್ಕೆ ಇಷ್ಟೇ ಎಂದು ರೂಪಾಯಿಯ ಮಿತಿ ಹಾಕಿ. ಕಾಲೇಜುಗಳು ವಿವಿಗೆ ಕಟ್ಟುವ ಸಂಯೋಜನೆ ಶುಲ್ಕದ ಆದಾಯ ನಂಬಿ ದೊಡ್ಡ ಭರವಸೆ ಕೊಡಬೇಡಿ, ಕಾಲೇಜುಗಳು ಸ್ವಾಯತ್ತವಾಗುತ್ತ ಹೋದಂತೆ ಆ ಆದಾಯ ಕರಗುತ್ತದೆ.

ಕೆಲಸ ಆರಂಭದ ದಿನ ಅಕ್ಟೋಬರ್ ಸುಮಾರಿಗೆ ಬೀಳುವಂತೆ ಟೆಂಡರನ್ನು ಹಿಂದಿನಿಂದ ಎಣಿಸಿ. ಮೇ ತಿಂಗಳಲ್ಲಿ ಜಾಗ ಒಪ್ಪಿಸಿದರೆ ಅಡಿಪಾಯದ ಗುಂಡಿ ಮಳೆಗೆ ತುಂಬುತ್ತದೆ. 5.7 ಕೋಟಿ ಪೂರ್ತಿ ಎತ್ತಿದ ಮೇಲೆ ನಾಲ್ಕು ತಿಂಗಳು ಕೆಲಸ ನಿಂತರೆ ಬಡ್ಡಿಯೇ 19 ಲಕ್ಷ. ಮಾಮೂಲಿ ಮಳೆಗಾಲ ದೈವಕೃತ ಅಡಚಣೆಯಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ.

ಕಾಂಕ್ರೀಟಿನ ಗುಣಮಟ್ಟವನ್ನು ಅಂಕಿಯಲ್ಲೇ ಹೇಳಿ. ಕರಾವಳಿ ವಾತಾವರಣಕ್ಕೆ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಕೇಳುವುದು ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟ್, ಕಬ್ಬಿಣಕ್ಕೆ 45 ಮಿ.ಮೀ. ಕವರ್ (ಕಾಂಕ್ರೀಟಿನ ಹೊದಿಕೆ). ಸಮುದ್ರದ ನೀರಿನ ಸಿಂಪಡಿಕೆ ತಟ್ಟುವಲ್ಲಿ ಎಂ35, 50 ಮಿ.ಮೀ. ಒಳನಾಡಿನ ಡ್ರಾಯಿಂಗ್ ನಕಲು ಮಾಡಿದರೆ ಕೆಲವೇ ವರ್ಷಗಳಲ್ಲಿ ಸ್ಲ್ಯಾಬಿನ ಅಡಿ ಉದುರಲು ಶುರುವಾಗುತ್ತದೆ. ನೀರು ತಲಾ 135 ಲೀಟರಿನಂತೆ ದಿನಕ್ಕೆ 54,000 ಲೀಟರ್. ಏಪ್ರಿಲ್, ಮೇಯಲ್ಲಿ ಬಾವಿ ಬತ್ತಿದಾಗ ಟ್ಯಾಂಕರಿನ ದುಡ್ಡು ಯಾರದ್ದು ಎಂಬ ಒಂದು ಸಾಲು ಇಲ್ಲದ್ದರಿಂದ ಜಗಳಗಳು ಹುಟ್ಟುತ್ತವೆ.

ಅವಧಿ ಮುಗಿದು ಕಟ್ಟಡ ಕೈಗೆ ಬರುವ ಮೂರು ವರ್ಷ ಮೊದಲು ಜಂಟಿ ಪರಿಶೀಲನೆ ಇರಲಿ, ದುರಸ್ತಿ ಮುಗಿಯುವವರೆಗೆ ಬ್ಯಾಂಕ್ ಗ್ಯಾರಂಟಿ ಬಿಡಬೇಡಿ. ಪರಿಶೀಲನೆಯ ತಿಂಗಳನ್ನೂ ಕರಾರಿನಲ್ಲೇ ನಮೂದಿಸಿ: ಜುಲೈ. ಮಾರ್ಚ್‌ನಲ್ಲಿ ನೋಡಿದರೆ ಯಾವ ಟೆರೇಸೂ ಸೋರುವುದಿಲ್ಲ.