ತೋಡಿಯ ಗಾಂಧಾರಕ್ಕಾಗಿ ಗಿಟಾರನ್ನು ಹದಗೊಳಿಸಿಕೊಂಡ ಬಗೆ

ಕಾಲೇಜಿನ ದಿನಗಳಿಂದ ಹದಿನೈದು ವರ್ಷ ನಾನು ಗಿಟಾರ್ ಹಿಡಿದದ್ದು ಹಾಡುವವರ ಜೊತೆಗೆ ಕಾರ್ಡ್, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ, ನುಡಿಸುವುದಕ್ಕಾಗಿ. ಅದೇ ವಾದ್ಯದಲ್ಲಿ ಕರ್ನಾಟಕ ಸಂಗೀತವನ್ನು ಮೊದಲಿನಿಂದ ಕಲಿಯಬೇಕೆಂದು ಹೊರಟಾಗ ಆರಂಭ ಕಷ್ಟವೆನಿಸಲಿಲ್ಲ. ಮಾಯಾಮಾಳವಗೌಳದ ಸರಳೆ ವರಸೆ, ಜಂಟಿ ವರಸೆಗಳಲ್ಲಿ ಪ್ರತಿಯೊಂದು ಸ್ವರಕ್ಕೂ ಒಂದು ಫ್ರೆಟ್ (ತಂತಿಯಡಿಯ ಲೋಹದ ಅಡ್ಡಪಟ್ಟಿ) ಇದೆ. ಬೆರಳಿಟ್ಟರೆ ಸ್ವರ ಬರುತ್ತದೆ. ತೋಡಿ ರಾಗಕ್ಕೆ ಬಂದಾಗ ಈ ಅನುಕೂಲವೇ ನನಗೆ ಅಡ್ಡವಾಯಿತು. ಗಾಂಧಾರದ ಫ್ರೆಟ್ ಒತ್ತಿದರೆ ಕೇಳಿಸುತ್ತಿದ್ದದ್ದು ಗಾಂಧಾರದ ಸ್ಥಾನವೇ ಹೊರತು ತೋಡಿಯಲ್ಲ.

ನಮ್ಮ ಪಕ್ಕದ ಬೀದಿಯಲ್ಲಿ ಬಹಳ ವರ್ಷಗಳಿಂದ ವೀಣೆ ಕಲಿಸುತ್ತಿರುವ ಹಿರಿಯರೊಬ್ಬರಿದ್ದಾರೆ. ಗಿಟಾರನ್ನು ಅವರ ಮನೆಗೆ ಒಯ್ದು ನುಡಿಸಿ ತೋರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿ, "ನೋಡಪ್ಪಾ, ಸ್ವರ ಸರಿಯಾಗೇ ಇದೆ, ಆದ್ರೆ ನಿಂತ್ಕೊಂಡುಬಿಟ್ಟಿದೆ. ತೋಡಿ ಗಾಂಧಾರ ನಿಲ್ಲೋ ಸ್ವರ ಅಲ್ಲ" ಎಂದರು. ಆಮೇಲೆ ತಮ್ಮ ವೀಣೆಯನ್ನು ತೊಡೆಯ ಮೇಲಿಟ್ಟುಕೊಂಡು, ಗಾಂಧಾರದ ಮೆಟ್ಟಿಲನ್ನು ಮುಟ್ಟದೆಯೇ ರಿಷಭದ ಮೆಟ್ಟಿಲಲ್ಲಿ ಬೆರಳಿಟ್ಟು, ತಂತಿಯನ್ನು ಪಕ್ಕಕ್ಕೆ ಮಧ್ಯಮದವರೆಗೂ ಎಳೆದು ಬಿಟ್ಟು, ಮತ್ತೆ ಎಳೆದು ತೋರಿಸಿದರು. ಆ ಎರಡು ಸ್ವರಗಳ ನಡುವಿನ ಓಡಾಟದಲ್ಲಿ ಗಾಂಧಾರ ತಾನಾಗಿ ಕೇಳಿಸಿತು. ನಾನು ವೀಣೆಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ. ಇಪ್ಪತ್ತನಾಲ್ಕು ಲೋಹದ ಮೆಟ್ಟಿಲುಗಳು ಮೇಣದ ಎರಡು ಏಣುಗಳ ಮೇಲೆ ಕುಳಿತಿವೆ; ಏಣುಗಳ ನಡುವೆ ತಗ್ಗು. ಬೆರಳು ತಂತಿಯನ್ನು ಎಷ್ಟು ಎಳೆದರೂ ಅದರ ತುದಿಗೆ ಮರ ತಾಗುವುದಿಲ್ಲ. ಗಿಟಾರಿನಲ್ಲಾದರೋ ಫ್ರೆಟ್ಟಿನ ಎತ್ತರ ಒಂದು ಮಿಲಿಮೀಟರಿನ ಆಸುಪಾಸು. ತಂತಿ ಒತ್ತಿದ ಕೂಡಲೇ ಬೆರಳಿನ ತುದಿ ಮರಕ್ಕೆ ಉಜ್ಜುತ್ತದೆ, ಎಳೆಯುವ ಬಲದಲ್ಲಿ ಒಂದಷ್ಟು ಆ ಉಜ್ಜುವಿಕೆಯಲ್ಲೇ ಕಳೆದುಹೋಗುತ್ತದೆ.

ಈ ತೊಂದರೆ ಎದುರಾದದ್ದು ನನಗೆ ಮೊದಲಲ್ಲ. ಯು. ಶ್ರೀನಿವಾಸ್ ಅವರು ಮ್ಯಾಂಡೊಲಿನ್ನಿನ ಜೋಡಿ ತಂತಿಗಳನ್ನು ಬಿಟ್ಟು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ ಹಿಡಿದರು. ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತ ಇಂಗ್ಲಿಷ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ 1970ರ ದಶಕದಲ್ಲಿ 'ಶಕ್ತಿ' ತಂಡಕ್ಕಾಗಿ ನುಡಿಸಿದ ಗಿಟಾರಿನ ಫ್ರೆಟ್ ಬೋರ್ಡನ್ನು ಫ್ರೆಟ್ಟುಗಳ ನಡುವೆ ತಗ್ಗಾಗಿ ಕೆತ್ತಲಾಗಿತ್ತು; ಆ ಗಿಟಾರಿನ ಮೇಲೆ ಓರೆಯಾಗಿ ಏಳು ಅನುರಣನ ತಂತಿಗಳೂ ಇದ್ದವು. ಹೀಗೆ ತಗ್ಗಾಗಿ ಕೆತ್ತುವುದಕ್ಕೆ ಸ್ಕ್ಯಾಲಪ್ ಎನ್ನುತ್ತಾರೆ. ನಾನೂ ಅದನ್ನೇ ಮಾಡಬೇಕೆಂದು ನಿಶ್ಚಯಿಸಿದೆನಾದರೂ, ಅರ ಹಿಡಿಯುವ ಮೊದಲು ಬೇರೆ ಎರಡು ದೋಷಗಳನ್ನು ತಿದ್ದಬೇಕಾಯಿತು.

ಮೊದಲನೆಯದು ಬ್ರಿಜ್, ಅಂದರೆ ದೇಹದ ಮೇಲೆ ತಂತಿಗಳು ಕೂರುವ ಕುದುರೆ. ನನ್ನದು ಸ್ಟ್ರ್ಯಾಟೊಕ್ಯಾಸ್ಟರ್ ಮಾದರಿಯ ಸಾಧಾರಣ ಬೆಲೆಯ ಗಿಟಾರ್. ಅದರ ಬ್ರಿಜ್ ಹಿಂಬದಿಯ ಮೂರು ಸ್ಪ್ರಿಂಗುಗಳ ಎಳೆತ ಮತ್ತು ಮುಂಬದಿಯ ತಂತಿಗಳ ಎಳೆತದ ನಡುವೆ ತೂಗಿಕೊಂಡಿರುತ್ತದೆ. ನಾನು ಶ್ರುತಿಯನ್ನು ಪಾಶ್ಚಾತ್ಯ ಸಂಗೀತದ ಡಿ ಸ್ವರಕ್ಕೆ ಇಟ್ಟು, ದಪ್ಪ ತಂತಿಯಿಂದ ಸಣ್ಣ ತಂತಿಯವರೆಗೆ ಡಿ, ಎ, ಡಿ, ಎ, ಎ, ಡಿ ಎಂದು, ಅಂದರೆ ಬರೀ ಷಡ್ಜ ಪಂಚಮಗಳಿಗೆ ಕೂಡಿಸಿಕೊಂಡಿದ್ದೆ. ಒಂದು ತಂತಿಯನ್ನು ಬಲವಾಗಿ ಎಳೆದರೆ ಬ್ರಿಜ್ ಮುಂದಕ್ಕೆ ವಾಲಿ, ಜೊತೆಗೆ ಮೀಟಿದ ಉಳಿದ ತಂತಿಗಳೆಲ್ಲ ಸಡಿಲಾಗಿ ಷಡ್ಜವೇ ಕೆಳಗಿಳಿಯುತ್ತಿತ್ತು. ಗಮಕದ, ಅಂದರೆ ಸ್ವರದ ಓಡಾಟದ, ಅಳತೆ ತಿಳಿಯುವುದೇ ಷಡ್ಜದಿಂದ. ಆ ಷಡ್ಜವೇ ಅಲುಗಿದರೆ ಕಿವಿ ಯಾವುದನ್ನು ನಂಬಬೇಕು? ಹಲವು ವಾರ ನಾನು ನನ್ನ ಬೆರಳನ್ನೇ ದೂರಿಕೊಂಡೆ. ಕಾರಣ ಗೊತ್ತಾದ ದಿನ ಬಡಗಿಯೊಬ್ಬರಿಂದ ತೇಗದ ಒಂದು ತುಂಡನ್ನು ಅಳತೆಗೆ ಕತ್ತರಿಸಿ ತಂದು, ಹಿಂಬದಿಯ ಕುಳಿಯಲ್ಲಿ ಬ್ರಿಜ್ಜಿನ ಲೋಹದ ಗಟ್ಟಿಗೂ ಮರಕ್ಕೂ ನಡುವೆ ಬಿಗಿಯಾಗಿ ಕೂರಿಸಿ, ಸ್ಪ್ರಿಂಗುಗಳನ್ನು ಇನ್ನಷ್ಟು ಬಿಗಿ ಮಾಡಿದೆ. ಬ್ರಿಜ್ ಮತ್ತೆ ಅಲುಗಲಿಲ್ಲ. ಈ ಮಾದರಿಯ ಗಿಟಾರಿನಲ್ಲಿ ಗಮಕ ನುಡಿಸಬಯಸುವವರು ಬೇರೆ ಯಾವ ಖರ್ಚಿಗೂ ಮೊದಲು ಇದೊಂದನ್ನು ಮಾಡಿ ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ಪಿನ ಗುಂಯ್ ಸದ್ದು. ಒಂಟಿ ಸುರುಳಿಯ ಪಿಕಪ್ಪುಗಳು ಮನೆಯ ವಿದ್ಯುತ್ತಿನ ಕಂಪನವನ್ನೂ ಹಿಡಿಯುತ್ತವೆ. ಕಾರ್ಡ್ ನುಡಿಸುವಾಗ ಅದನ್ನು ನಾನು ಲಕ್ಷಿಸಿರಲಿಲ್ಲ. ಆದರೆ ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್. ಅದರ ಇಮ್ಮಡಿ 100 ಹರ್ಟ್ಸ್. ಡಿ ಶ್ರುತಿಗೆ ಶುದ್ಧ ಮಧ್ಯಮವಾದ ಜಿ ಸ್ವರ ಆ ಸ್ಥಾಯಿಯಲ್ಲಿ 98 ಹರ್ಟ್ಸ್. ಹೀಗಾಗಿ ನಾನು ಪ್ರತಿಮಧ್ಯಮದ ರಾಗವಾದ ಕಲ್ಯಾಣಿಯ ಆಲಾಪನೆ ಅಭ್ಯಾಸ ಮಾಡುವಾಗಲೆಲ್ಲ ಹಿಂದಿನಿಂದ ಅಪಸ್ವರದ ಮಧ್ಯಮವೊಂದು ಬಿಡದೆ ಮೊಳಗುತ್ತಿತ್ತು. ಪಿಕಪ್ ಮತ್ತು ತಂತಿಜೋಡಣೆಯ ಕುಳಿಗಳ ಒಳಮೈಗೆಲ್ಲ ಅಂಟುಳ್ಳ ತಾಮ್ರದ ಹಾಳೆ ಹಚ್ಚಿ, ಹಾಳೆಯ ಕೂಡುಗಳನ್ನು ಬೆಸುಗೆ ಹಾಕಿ, ಅರ್ತಿಂಗಿಗೆ ಜೋಡಿಸಿದೆ. ಸದ್ದು ಪೂರ್ತಿ ಹೋಗಲಿಲ್ಲ. ತಂಬೂರಿಯ ನಾದವೇ ಅದನ್ನು ಮುಚ್ಚಿಬಿಡುವಷ್ಟು ತಗ್ಗಿತು.

ಇನ್ನು ಕೆತ್ತನೆ. ಈ ಮಾದರಿಯ ಗಿಟಾರುಗಳಲ್ಲಿ ಫ್ರೆಟ್ಟುಗಳಿರುವ ಕತ್ತು, ಅಂದರೆ ನೆಕ್, ನಾಲ್ಕು ಸ್ಕ್ರೂಗಳಿಂದ ದೇಹಕ್ಕೆ ಕೂಡಿರುತ್ತದೆ, ಬಿಚ್ಚಿ ಬೇರೆಯದನ್ನು ಹಾಕಬಹುದು. ಆದ್ದರಿಂದ ಮೂಲ ನೆಕ್ಕನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟು, ಯಾರೋ ಬಳಸಿ ಬಿಟ್ಟಿದ್ದ ಇನ್ನೊಂದು ನೆಕ್ಕನ್ನು ಕೊಂಡುಕೊಂಡೆ. ಅದರ ಬುಡದ ಅಗಲ 56 ಮಿಲಿಮೀಟರ್, ತಂತಿಯ ಉದ್ದ 648 ಮಿಲಿಮೀಟರ್ ಎಂಬುದನ್ನು ಅಳೆದು ನೋಡಿಯೇ ಹಣ ಕೊಟ್ಟೆ. ಫ್ರೆಟ್ ಬೋರ್ಡ್ ಬೀಟೆಯದು. ನಮ್ಮ ಮಲೆನಾಡಿನ ಈ ಮರ ಜಗತ್ತಿನ ಎಷ್ಟೋ ಗಿಟಾರುಗಳಲ್ಲಿದೆ. ಮೇಪಲ್ ಮರದಂತೆ ಅದಕ್ಕೆ ಮೆರುಗೆಣ್ಣೆ ಬಳಿಯಬೇಕಾಗಿಲ್ಲವಾದ್ದರಿಂದ ಕೆತ್ತಿದ ಮೇಲೆ ಮತ್ತೆ ಬಣ್ಣ ಬಳಿಯುವ ತಾಪತ್ರಯವೂ ಇಲ್ಲ.

ಪ್ರತಿ ಫ್ರೆಟ್ಟಿನ ಮೇಲೂ ಅಂಟುಪಟ್ಟಿ ಎರಡು ಪದರ ಹಚ್ಚಿದೆ. ಎರಡು ಫ್ರೆಟ್ಟುಗಳ ನಡುವಿನ ಮಧ್ಯಭಾಗಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ನೆಕ್ಕಿನ ಪಕ್ಕದಲ್ಲಿ ಒಂದೂವರೆ ಮಿಲಿಮೀಟರ್ ಆಳಕ್ಕೆ ಇನ್ನೊಂದು ಗುರುತು ಹಾಕಿದೆ. ಅರೆವೃತ್ತದ ಅರದಿಂದ ಅಡ್ಡಕ್ಕೆ ಉಜ್ಜುತ್ತಾ, ಗೆರೆ ಹೋದಂತೆಲ್ಲ ಮತ್ತೆ ಎಳೆಯುತ್ತಾ ಹೋದೆ. ಪೆನ್ಸಿಲ್ ಗೆರೆ ಉದ್ದಕ್ಕೂ ಒಂದೇ ಸಮನೆ ಅಳಿಸಿದರೆ ಅರ ಸಮವಾಗಿ ಸಾಗುತ್ತಿದೆ ಎಂದರ್ಥ. ಬೀಟೆಯ ಪುಡಿ ಕೆಂಗಪ್ಪಾಗಿ ಬೆವರಿದ ಮುಂಗೈಗೆ ಅಂಟಿಕೊಳ್ಳುತ್ತಿತ್ತು, ಕೋಣೆಯೆಲ್ಲ ಹೊಸದಾಗಿ ಸೀಳಿದ ಮರದ ನಸುಸಿಹಿ ವಾಸನೆ. ಆ ಪುಡಿ ಉಸಿರಿಗೆ ಒಳ್ಳೆಯದಲ್ಲ, ಮೂಗಿಗೆ ಮಾಸ್ಕ್ ಕಟ್ಟಿಕೊಂಡೇ ಕೂರಬೇಕು. ಒಂದು ಮನೆಗೆ, ಅಂದರೆ ಎರಡು ಫ್ರೆಟ್ಟುಗಳ ನಡುವಿನ ಜಾಗಕ್ಕೆ, ಸುಮಾರು ನಲವತ್ತು ನಿಮಿಷ ಹಿಡಿಯಿತು. ಕೊನೆಗೆ ದುಂಡು ಕೋಲಿಗೆ ಸ್ಯಾಂಡ್ ಪೇಪರ್ ಸುತ್ತಿ, ಒರಟಿನಿಂದ ನುಣುಪಿನವರೆಗೆ ಮೂರು ಬಗೆಯಲ್ಲಿ ತಿಕ್ಕಿದೆ. ಹದಿನೈದನೆಯ ಫ್ರೆಟ್ಟಿನ ಬಳಿ ಅರ ಜಾರಿ ಫ್ರೆಟ್ಟಿನ ಅಂಚಿಗೆ ಗೀರು ಬಿತ್ತು. ಒಂದೇ ಪದರ ಪಟ್ಟಿ ಹಚ್ಚಿದ್ದರೆ ಫ್ರೆಟ್ಟೇ ಕೆಡುತ್ತಿತ್ತು.

ಒಮ್ಮೆಗೇ ಎಲ್ಲವನ್ನೂ ಕೆತ್ತಲಿಲ್ಲ. ಮೊದಲು ಹನ್ನೆರಡರಿಂದ ಮೇಲಿನವನ್ನು ಮುಗಿಸಿ ನಾಲ್ಕು ತಿಂಗಳು ನುಡಿಸಿದೆ, ಆಮೇಲೆ ಮೂರರಿಂದ ಹನ್ನೊಂದರವರೆಗೆ. ಮೊದಲೆರಡು ಮನೆಗಳನ್ನು ಹಾಗೆಯೇ ಬಿಟ್ಟಿದ್ದೇನೆ. ನೆಕ್ಕಿನ ತುದಿಯಲ್ಲಿ ತಂತಿಗಳನ್ನು ಹಿಡಿದಿಡುವ ನಟ್ಟಿಗೆ ಅಷ್ಟು ಹತ್ತಿರದಲ್ಲಿ ತಂತಿ ಹೇಗೂ ಹೆಚ್ಚು ಎಳೆಯಲು ಬಗ್ಗುವುದಿಲ್ಲ.

ಹೊಸ ನೆಕ್ ಕೂರಿಸಿದ ದಿನ ನನಗೆ ನಿರಾಸೆಯೇ ಆಯಿತು. ನುಡಿಸಿದ್ದೆಲ್ಲ ತುಸು ಏರಿದ ಶ್ರುತಿಯಲ್ಲಿ ಕೇಳಿಸುತ್ತಿತ್ತು. ತಡೆಯಲು ಮರವಿಲ್ಲದ ಕಡೆ ಬೆರಳು ತಂತಿಯನ್ನು ಕೆಳಕ್ಕೆ ಒತ್ತಿದಷ್ಟೂ ಸ್ವರ ಏರುತ್ತದೆ. ಕಾರ್ಡ್ ಹಿಡಿದು ಹಿಡಿದು ನನ್ನ ಎಡಗೈಗೆ ಅಗತ್ಯಕ್ಕಿಂತ ಎಷ್ಟೋ ಹೆಚ್ಚು ಬಲ ಹಾಕುವ ಅಭ್ಯಾಸವಾಗಿಹೋಗಿತ್ತೆಂದು ಆಗಲೇ ತಿಳಿದದ್ದು. ಸುಮಾರು ಎರಡು ತಿಂಗಳು ಬೇರೇನೂ ನುಡಿಸದೆ, ತಂಬೂರಿ ಹಾಕಿಕೊಂಡು, ಒಂದೊಂದೇ ಸ್ವರವನ್ನು ತಂತಿ ಫ್ರೆಟ್ಟಿಗೆ ತಾಗುವಷ್ಟೇ ಒತ್ತಿ ನಿಲ್ಲಿಸುವ ಅಭ್ಯಾಸ ಮಾಡಿದೆ. ತಂತಿಗಳಲ್ಲೂ ಹುಡುಕಾಟ ನಡೆಯಿತು. ಮೊದಲ, ಅಂದರೆ ಅತಿ ಸಣ್ಣ, ತಂತಿಯ ದಪ್ಪ 0.009 ಇಂಚು ಇರುವ ಸೆಟ್ಟು ಎಳೆಯಲು ಹಗುರ, ಆದರೆ ಶ್ರುತಿ ಇಳಿಸಿದ್ದರಿಂದ ತೀರ ಸಡಿಲವಾಗಿ ಕಂಪಿತದಲ್ಲಿ ಫ್ರೆಟ್ಟಿಗೆ ಬಡಿಯುತ್ತಿತ್ತು. ಈಗ ಮೊದಲ ತಂತಿ 0.010, ಎರಡನೆಯದು 0.013, ಜಿಯಿಂದ ಎಗೆ ಏರಿಸಿರುವ ಮೂರನೆಯದಕ್ಕೆ ಮಾತ್ರ 0.017ರ ಬದಲು 0.016. ತಂತಿಯ ಎತ್ತರವನ್ನು ಹನ್ನೆರಡನೆಯ ಫ್ರೆಟ್ಟಿನ ಮೇಲೆ ಸುಮಾರು ಎರಡು ಮಿಲಿಮೀಟರಿಗೆ ಇಟ್ಟಿದ್ದೇನೆ. ಬೋರ್ಡಿನ ಮೈ ಬಾಗಿರುವುದರಿಂದ ಅದಕ್ಕಿಂತ ಕೆಳಗಿಳಿಸಿದರೆ ದೂರ ಎಳೆದ ತಂತಿ ಮುಂದಿನ ಫ್ರೆಟ್ಟಿಗೆ ತಾಗಿ ನಾದ ಸತ್ತುಹೋಗುತ್ತದೆ.

ಪಾಠ ನಡೆಯುವುದು ಆನ್‌ಲೈನಿನಲ್ಲಿ, ವಾರಕ್ಕೊಮ್ಮೆ, ಚೆನ್ನೈಯಲ್ಲಿರುವ ಗುರುಗಳ ಬಳಿ. ಮೊದಲ ಕೆಲವು ತರಗತಿಗಳಲ್ಲಿ ನನ್ನ ಸ್ವರ ಹುಟ್ಟಿದ ಕೂಡಲೇ ಕರಗಿಹೋಗುತ್ತದೆಂದೂ ತಂಬೂರಿ ಕೇಳುವುದೇ ಇಲ್ಲವೆಂದೂ ಅವರು ಹೇಳುತ್ತಿದ್ದರು. ಮಾತಿಗಾಗಿ ರಚಿಸಿದ ಇಂತಹ ತಂತ್ರಾಂಶಗಳು ಬಿಡದೆ ಮೊಳಗುವ ನಾದವನ್ನು ಫ್ಯಾನಿನ ಸದ್ದೆಂದು ಭಾವಿಸಿ ಅಳಿಸಿಬಿಡುತ್ತವೆ. ಜೂಮಿನಲ್ಲಿ 'ಒರಿಜಿನಲ್ ಸೌಂಡ್' ಎಂಬ ಆಯ್ಕೆಯನ್ನು ಚಾಲೂ ಮಾಡಿದ ಮೇಲೆ ಅದು ಸರಿಹೋಯಿತು. ಸರಿಹೋಗದೆ ಉಳಿದದ್ದು ತಾಳ. ಸದ್ದು ಅತ್ತಿತ್ತ ತಲುಪುವುದರಲ್ಲಿ ಆಗುವ ತಡದಿಂದಾಗಿ ಅವರು ಹಾಕಿದ ತಾಳಕ್ಕೆ ನಾನು ಎಷ್ಟು ಸರಿಯಾಗಿ ನುಡಿಸಿದರೂ ಅವರ ಕಿವಿಗೆ ಹಿಂದುಳಿದೇ ಕೇಳಿಸುತ್ತದೆ. ಈಗ ತರಗತಿಯಲ್ಲಿ ಅವರು ಒಂದು ಸಂಗತಿ, ಅಂದರೆ ಕೃತಿಯ ಸಾಲಿನ ಒಂದು ಬಗೆ, ಹಾಡುತ್ತಾರೆ, ನಾನು ಮರುನುಡಿಸುತ್ತೇನೆ; ತಾಳದ ಜೊತೆಗಿನ ನುಡಿಸುವಿಕೆಯನ್ನು ವಾರದ ನಡುವೆ ರೆಕಾರ್ಡ್ ಮಾಡಿ ಕಳಿಸುತ್ತೇನೆ. ಕ್ಯಾಮೆರಾವನ್ನು ಮುಖಕ್ಕಲ್ಲ, ಎಡಗೈಗೆ ಮೇಲಿನಿಂದ ಬೀಳುವಂತೆ ಇಟ್ಟಿದ್ದೇನೆ. ತಂತಿ ಎಷ್ಟು ದೂರ ಸರಿಯುತ್ತದೆ ಎಂಬುದು ಅವರಿಗೆ ಕಂಡರೇ ತಾನೇ ತಿದ್ದುವುದು.

ವೇಗ ತಗ್ಗಿಸಿ ಕೇಳುವ ಸೌಲಭ್ಯ ನನಗೆ ಎರಡನೆಯ ಗುರುವಿನಷ್ಟು ಉಪಕಾರ ಮಾಡಿದೆ. ಗುರುಗಳ ಅನುಮತಿಯಿಂದ ಇಟ್ಟುಕೊಂಡ ಪಾಠದ ವೀಡಿಯೊಗಳನ್ನು ಶ್ರುತಿ ಬದಲಾಗದಂತೆ ಅರ್ಧ ವೇಗಕ್ಕಿಳಿಸಿ ಕೇಳಿದಾಗ, ತೋಡಿಯ ಗಾಂಧಾರದಲ್ಲಿ ನಾನು ಸಮಸಮನಾದ ಕಂಪನವೆಂದು ತಿಳಿದದ್ದು ಹಾಗಿರಲೇ ಇಲ್ಲ: ಮೇಲೆ ಹೋದ ಧ್ವನಿ ಅಲ್ಲಿ ಒಂದು ಕ್ಷಣ ತಂಗಿ, ಇಳಿಯುವಾಗ ಬೇಗ ಇಳಿಯುತ್ತಿತ್ತು, ಪ್ರತಿ ಸಲದ ಏರಿಕೆಯೂ ಒಂದೇ ಎತ್ತರದ್ದಲ್ಲ. ಅದನ್ನು ಎರಡನೆಯ ತಂತಿಯ ಆರನೆಯ ಫ್ರೆಟ್ಟಿನಲ್ಲಿ, ಅಂದರೆ ರಿಷಭದಲ್ಲಿ ಬೆರಳಿಟ್ಟು, ಮಧ್ಯಮದ ಕಡೆಗೆ ನಾಲ್ಕು ಅರೆಸ್ವರಗಳಷ್ಟು ಎಳೆದು ಅಭ್ಯಾಸ ಮಾಡುತ್ತೇನೆ. ಒಂದು ಬೆರಳಿನ ಕೈಲಾಗದ ಕೆಲಸ. ತೋರುಬೆರಳು, ನಡುಬೆರಳು, ಉಂಗುರದ ಬೆರಳು ಮೂರೂ ಸೇರಿ ತಂತಿಯನ್ನು ಒಯ್ಯಬೇಕು, ಮಣಿಕಟ್ಟು ತಿರುಗಬೇಕು.

ಒಂದು ವರ್ಷದ ನಂತರ ಮತ್ತೆ ಪಕ್ಕದ ಬೀದಿಗೆ ಹೋದೆ. ತೋಡಿಯನ್ನು ಐದು ನಿಮಿಷ ಕೇಳಿದ ಅವರು, "ಗಾಂಧಾರ ಬರ್ತಾ ಇದೆಯಪ್ಪಾ. ಇನ್ನು ಧೈವತ ನೋಡ್ಕೋ, ಅದೂ ಹೀಗೇ ಆಡ್ಬೇಕು" ಎಂದು ವೀಣೆ ತೆಗೆದುಕೊಂಡರು. ಈಗ ನಾನು ಧೈವತದಲ್ಲಿದ್ದೇನೆ. ಮೂಲ ನೆಕ್ ಕಪಾಟಿನಲ್ಲಿ ಬಟ್ಟೆ ಸುತ್ತಿಕೊಂಡೇ ಇದೆ. ಯಾರಾದರೂ ಕಾರ್ಡ್ ನುಡಿಸಲು ಕರೆದರೆ ನಾಲ್ಕು ಸ್ಕ್ರೂ ಬಿಚ್ಚಿ ಅದನ್ನು ಹಾಕಿಕೊಂಡು ಹೋಗುತ್ತೇನೆ, ಬಂದ ರಾತ್ರಿಯೇ ಮತ್ತೆ ಬದಲಿಸಿ ಶ್ರುತಿ ಕೂಡಿಸಿಡುತ್ತೇನೆ.