ಸಂಜೆ ತಂಪಾಯಿತೆಂದು ಗಾಳ ಹಾಕಬೇಡಿ

ಮಾರ್ಚ್, ಏಪ್ರಿಲ್‌ನಲ್ಲಿ ಗಾಳ ಹಾಕಲು ಕಾವೇರಿಗೆ ಹೊರಟರೆ ಮೀನಿಗೆ ಒಡ್ಡುವ ರಾಗಿ ಉಂಡೆಗಿಂತ ಮೊದಲು ನನ್ನ ಚೀಲಕ್ಕೆ ಬೀಳುವುದು ಥರ್ಮಾಮೀಟರ್. ಹಿಡಿದ ಮೀನನ್ನು ಮತ್ತೆ ಹೊಳೆಗೇ ಬಿಡುವವನು ನಾನು, ಅದು ಬದುಕಬೇಕಾದರೆ ನೀರಿನ ಬಿಸಿ ಗೊತ್ತಿರಬೇಕು. ಥರ್ಮಾಮೀಟರ್ ಅಕ್ವೇರಿಯಂ ಅಂಗಡಿಯದ್ದೇ ಸಾಕು. ಎರಡು ಮೀಟರ್ ದಾರ ಕಟ್ಟಿ, ತುದಿಗೊಂದು ಸೀಸದ ಗುಂಡು ಹಾಕಿ, ಹರಿಯುವ ನೀರಿನಲ್ಲಿ ಎದೆಮಟ್ಟದ ಆಳಕ್ಕೆ ಇಳಿಸಿ ಎರಡು ನಿಮಿಷ ಬಿಡುತ್ತೇನೆ. ಎತ್ತಿದ ಕೂಡಲೇ ಓದಬೇಕು. ತಡವಾದರೆ ಅದು ಗಾಳಿಯ ಬಿಸಿ ಹೇಳುತ್ತದೆ. ದಡದಲ್ಲೇ ಅಳೆದರೂ ಲೆಕ್ಕ ತಪ್ಪುತ್ತದೆ. ನಡುಹೊಳೆಯಲ್ಲಿ 27 ಡಿಗ್ರಿ ಇದ್ದಾಗ ಮರಳಂಚಿನ ಮೊಣಕಾಲುದ್ದ ನೀರಿನಲ್ಲಿ 31 ಇರಬಹುದು. 28 ದಾಟಿದರೆ ನಾನು ಗಾಳ ಮಡಚುತ್ತೇನೆ. ಇದು ಕಾನೂನಲ್ಲ, ನಾನೇ ಎಳೆದುಕೊಂಡ ಗೆರೆ. ಬಿಳಿಮೀನು, ಅಂದರೆ ಮಹಶೀರ್, ಅದಕ್ಕಿಂತ ಬಿಸಿ ನೀರಿನಲ್ಲೂ ಬದುಕುತ್ತದೆ. ಆದರೆ ಸುಮ್ಮನೆ ಬದುಕುವುದು ಬೇರೆ, ಗಾಳದಲ್ಲಿ ಜಗ್ಗಾಡಿ ಸುಸ್ತಾದ ಮೇಲೆ ಚೇತರಿಸಿಕೊಳ್ಳುವುದು ಬೇರೆ.

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ನಿಲ್ಲುವುದಿಲ್ಲ. 20 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ 9.1 ಮಿಲಿಗ್ರಾಂ ಕರಗಿದರೆ, 30ರಲ್ಲಿ ಸುಮಾರು 7.6. ಇದು ಸಮುದ್ರಮಟ್ಟದ ಲೆಕ್ಕ. ಕುಶಾಲನಗರದ ಎತ್ತರಕ್ಕೆ ಇನ್ನೂ ಹತ್ತರಲ್ಲೊಂದು ಪಾಲು ಕಳೆಯಿರಿ. ಬಿಸಿ ಏರಿದಂತೆ ಮೀನಿಗೆ ಬೇಕಾಗುವ ಉಸಿರು ಮಾತ್ರ ಹೆಚ್ಚುತ್ತದೆ. ಅದೇ ಹೊತ್ತಿಗೆ ರೊಬಸ್ಟಾ ಕಾಫಿಯ ಹೂ ಬಿಡಿಸಲು ತೋಟದ ಪಂಪುಗಳು ಹೊಳೆಗೆ ಇಳಿದಿರುತ್ತವೆ. ಹರಿವು ಇಳಿದು ಮೀನೆಲ್ಲ ಉಳಿದ ಮಡುಗಳಿಗೆ ಸೇರಿಕೊಳ್ಳುತ್ತದೆ. ಹಾಗೆ ಹರಿವು ಕಡಿದ ಮಡುವಿಗೆ, ಮೀನು ಮೇಲೆ ಬಂದು ಬಾಯಿ ಬಿಡುವಲ್ಲಿಗೆ, ನಾನು ಗಾಳ ಹಾಕುವುದಿಲ್ಲ.

ಹೆಚ್ಚಿನವರು ತಪ್ಪುವುದು ಹೊತ್ತಿನ ವಿಷಯದಲ್ಲಿ. ಬಿಸಿಲಿಳಿದು ಗಾಳಿ ತಂಪಾದರೆ ನಮಗೆ ಹಾಯೆನಿಸುತ್ತದೆ, ನೀರು ಮಾತ್ರ ದಿನವೆಲ್ಲ ಕುಡಿದ ಬಿಸಿಯನ್ನು ಸಂಜೆಗೆ ಹಿಡಿದುಕೊಂಡೇ ಇರುತ್ತದೆ. ನಾಲ್ಕೈದು ಗಂಟೆಗೆ ಅಳೆದು ನೋಡಿ, ಮಧ್ಯಾಹ್ನಕ್ಕಿಂತ ಕಡಿಮೆ ಇರುವುದು ಅಪರೂಪ. ಹೊಳೆ ಅತಿ ತಂಪಾಗಿರುವುದು ಬೆಳಗಿನ ಜಾವ. ಹಾಗಾಗಿ ಬೆಳಕು ಹರಿದಾಗಿನಿಂದ ಎಂಟೂವರೆವರೆಗೆ ಮಾತ್ರ ನನ್ನ ಗಾಳ ನೀರಿನಲ್ಲಿರುತ್ತದೆ. ದುಬಾರೆ ಕಡೆಯಾದರೆ ಆನೆ ನೀರು ಕುಡಿದು ಹೋಗುವ ತನಕ ಕಾಯುವುದೂ ಇದರಲ್ಲೇ ಸೇರಿತು. ಇದಕ್ಕೊಂದು ತಿರುವಿದೆ: ಪಾಚಿ ತುಂಬಿದ ನಿಂತ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಾಗುವುದೂ ಬೆಳಗಿನ ಜಾವವೇ. ಪಾಚಿ ರಾತ್ರಿಯೆಲ್ಲ ಉಸಿರಾಡಿ ಅದನ್ನು ಮುಗಿಸಿರುತ್ತದೆ. ಆದ್ದರಿಂದ ಬಂಡೆಗಳ ನಡುವೆ ನೊರೆಯೇಳುವ ಹರಿವು, ಅದರ ಕೆಳಗೆ ಬಾಲದಂತೆ ಚಾಚುವ ನೀರು, ಅಷ್ಟೇ ನನ್ನ ಜಾಗ.

ಸಣ್ಣ ದಾರದಲ್ಲಿ ದೊಡ್ಡ ಮೀನು ಆಡಿಸುವುದು ಕೆಲವರಿಗೆ ಹೆಮ್ಮೆ. ಬೇಸಿಗೆಯಲ್ಲಿ ಅದು ಕೊಲೆಯೇ. ಎಳೆದಾಟ ಉದ್ದವಾದಷ್ಟೂ ಮೈಯಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ, ಈಜಿಕೊಂಡು ಹೋದ ಮೀನು ಗಂಟೆಗಟ್ಟಲೆ ಬಿಟ್ಟು ಎಲ್ಲೋ ಸಾಯುತ್ತದೆ, ನಮಗೆ ಕಾಣುವುದೂ ಇಲ್ಲ. ನನ್ನದು 18 ಕಿಲೋ ತಡೆಯುವ ದಾರ, ಬಿಗಿಯಾದ ಡ್ರ್ಯಾಗ್ (ದಾರ ಸುತ್ತುವ ರೀಲಿನ ಬ್ರೇಕು), ಒಂಟಿ ಕೊಕ್ಕೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಲಗಿಸಿ, ಹಳೇ ಬನಿಯನ್‌ಗೆ ಚುಚ್ಚಿ ಎಳೆದು ನೋಡುತ್ತೇನೆ. ಒಂದೆಳೆ ನೂಲು ಸಿಕ್ಕಿಕೊಂಡರೂ ಮತ್ತೊಮ್ಮೆ ಒತ್ತಬೇಕು. ರಾಗಿ ಉಂಡೆ ನಿಂಬೆಹಣ್ಣಿಗಿಂತ ದೊಡ್ಡದಾಗದೆ, ಕೊಕ್ಕೆಯ ತುದಿ ಹೊರಗೆ ಕಾಣುವಂತಿರಲಿ. ರಾಡನ್ನು ಬಂಡೆಗೊರಗಿಸಿ ಕಾಫಿ ಕುಡಿಯಲು ಕೂತರೆ ಮೀನು ನುಂಗಿಬಿಡುತ್ತದೆ. ಗಂಟಲಿಗಿಳಿದ ಕೊಕ್ಕೆಯನ್ನು ಕೆದಕಬೇಡಿ, ದಾರವನ್ನು ಆದಷ್ಟು ಒಳಗೆ ಕತ್ತರಿಸಿ ಬಿಡಿ.

ಕೊಕ್ಕೆ ಬಿಡಿಸುವುದು ನೀರಿನಲ್ಲೇ. ಕೈ ಒದ್ದೆಯಿರಲಿ, ಕೈಬಲೆ ಗಂಟಿಲ್ಲದ ರಬ್ಬರಿನದಿರಲಿ. ಕಾದ ಬಂಡೆ, ಒಣ ಮರಳು ಮೈಗೆ ತಾಗಿದರೆ ಲೋಳೆ ಕಿತ್ತು ಬರುತ್ತದೆ, ಆಮೇಲೆ ಅಲ್ಲಿ ಬೂಷ್ಟು ಹಿಡಿಯುತ್ತದೆ. ಕಿವಿರಿಗೆ ಬೆರಳು ಹಾಕಿ ಎತ್ತುವುದು, ಫೋಟೊದವನು ಬರುವ ತನಕ ತುಟಿಗೆ ಹಗ್ಗ ಪೋಣಿಸಿ ಕಟ್ಟಿಡುವುದು, ಎರಡೂ ಬೇಡ. ತೂಕವನ್ನೂ ಬಿಡಿ; ರಾಡಿನ ಮೇಲೆ ಬಣ್ಣದ ಗೆರೆ ಎಳೆದಿಟ್ಟರೆ ನೀರಿನಲ್ಲೇ ಉದ್ದ ಸಿಗುತ್ತದೆ. ಕಿತ್ತಳೆ ರೆಕ್ಕೆಯ, ಬೆನ್ನು ಗೂನಿನ ಮಹಶೀರ್ ಕಾವೇರಿ ಹರಿವಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಅದು ಬಿದ್ದರೆ ನೀರಿನಿಂದ ಎತ್ತುವುದೇ ಇಲ್ಲ.

ಬಿಡುವಾಗ ಹೊಟ್ಟೆಯಡಿ ಒಂದು ಕೈ, ಬಾಲದ ಬುಡಕ್ಕೆ ಇನ್ನೊಂದು, ಮೂತಿ ಹರಿವಿಗೆ ಎದುರು. ಹಿಂದೆ ಮುಂದೆ ಅಲ್ಲಾಡಿಸಬಾರದು, ಹಿಂದಕ್ಕೆಳೆದಾಗ ಕಿವಿರಿಗೆ ನೀರು ಹಿಮ್ಮುಖವಾಗಿ ನುಗ್ಗುತ್ತದೆ. ಮೇಲ್ಗಡೆ ಯಾರೂ ನಡೆದು ಕೆಸರೆಬ್ಬಿಸದಿರಲಿ. 31 ಡಿಗ್ರಿಯ ಮರಳಂಚಿನಲ್ಲಿ ಎಷ್ಟು ಹೊತ್ತು ಹಿಡಿದರೂ ಚೇತರಿಕೆಯಿಲ್ಲ, ಸೊಂಟದಾಳಕ್ಕೆ ಇಳಿಯಲೇಬೇಕು. ಸ್ವಲ್ಪ ಹೊತ್ತಾದ ಮೇಲೆ ಮೀನನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ ನೋಡಿ. ಮೂರು ಸೆಕೆಂಡಿನೊಳಗೆ ತಾನಾಗಿ ನೇರವಾದರೆ ಕೈ ಸಡಿಲಿಸಿ. ಇಲ್ಲದಿದ್ದರೆ ಇನ್ನೂ ಹಿಡಿಯಿರಿ, ಹತ್ತು ನಿಮಿಷವಾದರೂ ಸರಿ.

ಮೊದಲ ಜೋರು ಮಳೆ ಬಿದ್ದಾಗ ಹೊಳೆ ತಣಿಯಿತೆಂದು ಓಡಬೇಡಿ. ತೋಟದ ಮಣ್ಣು, ಕೊಳೆತ ಎಲೆ ಎಲ್ಲ ಒಟ್ಟಿಗೆ ಇಳಿದು ಉಳಿದ ಆಮ್ಲಜನಕವನ್ನೂ ತಿನ್ನುತ್ತವೆ. ಕೆಂಪು ನೀರು ತಿಳಿಯಾಗುವವರೆಗೆ ನನ್ನ ರಾಡು ಗೋಡೆಯ ಮೊಳೆಯಲ್ಲೇ ಇರುತ್ತದೆ.